ಷೇರುದಾರನಿಗೆ ಕೊನೇ ಪಂಕ್ತಿ!

ಗೆಳೆಯರೇ, ಔಷಧ ಕಂಪನಿಯ ನಾಲ್ಕು ಷೇರು ಕೊಂಡು ಮಾಲೀಕರಾದಿರಾ? ಎಂಥ ಮಾಲೀಕರು! ಕಂಪನಿ ಮುಳುಗಿದರೆ ಹಂಚಿಕೆಯಲ್ಲಿ ಸಾಲ ಕೊಟ್ಟವರು ಮುಂದೆ, ನೀವು ಕಟ್ಟಕಡೆಗೆ. 2016ರ ದಿವಾಳಿ ಸಂಹಿತೆ ಹಾಕಿದ ಪಂಕ್ತಿಯಿದು.

ಚೆನ್ನೈನ ಆರ್ಕಿಡ್ ಫಾರ್ಮಾ ನೋಡಿ. ಸಾಲದಲ್ಲಿ ಮುಳುಗಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಬಿತ್ತು. 2020ರಲ್ಲಿ ಧಾನುಕಾ ಲ್ಯಾಬೊರೇಟರೀಸ್ ಕೈಸೇರಿತು. ಕಂಪನಿ ಉಳಿಯಿತು, ಹಳೇ ಷೇರುದಾರರ ಪಾಲು ಚೂರಾಯಿತು!

ನಷ್ಟ ಹೊರಬೇಕು, ಸರಿ. ಬಾಯಿ ಮುಚ್ಚಿಕೊಂಡು ಏಕೆ ಹೊರಬೇಕು? 2013ರ ಕಂಪನಿ ಕಾಯ್ದೆಯ 151ನೇ ಕಲಮು ಓದಿ. ಮುಖಬೆಲೆಯಲ್ಲಿ 20,000 ರೂಪಾಯಿ ಮೀರದ ಷೇರುಳ್ಳವರು ಒಗ್ಗೂಡಿದರೆ, ಷೇರುಪೇಟೆಯ ಕಂಪನಿಯ ಮಂಡಳಿಗೆ ತಮ್ಮದೇ ಒಬ್ಬ ನಿರ್ದೇಶಕರನ್ನು ಆರಿಸಲು ದಾರಿಯಿದೆ. ಎಷ್ಟು ಜನ ಬಳಸಿದ್ದೀರಿ?

ದೋಣಿ ಮುಳುಗಿದ ಮೇಲೆ ಗೋಳಾಡಬೇಡಿ. ತೂತು ಬಿದ್ದಾಗಲೇ ಕೂಗಿ!