ರೌಟರಿನ ವಹಿಯನ್ನು ಓದುವವರು ಯಾರು?

ಇಂದು ಮುಂಬಯಿಯ ಯಾವ ಹೋಟೆಲಿಗೆ ಹೋದರೂ ಗಲ್ಲೆಯ ಮೇಲಿನ ಹಲಗೆಯಲ್ಲಿ, ಗಣಪತಿಯ ಪಟದ ಪಕ್ಕದಲ್ಲಿ, ಹಸಿರು ದೀಪ ಮಿಣುಕುವ ಒಂದು ಪೆಟ್ಟಿಗೆ ಕಾಣಸಿಗುತ್ತದೆ. ಅದೇ ರೌಟರು. ಬಿಲ್ಲಿನ ಕಂಪ್ಯೂಟರು, ಕ್ಯಾಮೆರಾ, ಮನೆಮನೆಗೆ ಊಟ ಒಯ್ಯುವ ಕಂಪೆನಿಗಳ ಆರ್ಡರು, ಗಿರಾಕಿಯ ಮೊಬೈಲು, ನಮ್ಮ ಮಾಣಿಯ ಮೊಬೈಲು ಎಲ್ಲವೂ ಹೊರಲೋಕಕ್ಕೆ ಹೋಗಿಬರುವುದು ಆ ಒಂದೇ ಬಾಗಿಲಿನಿಂದ. ಆ ಬಾಗಿಲನ್ನು ಕಾಯುವ ಏರ್ಪಾಡಿಗೆ ಫೈರ್‌ವಾಲ್ ಎಂದು ಹೆಸರು. ಯಾರು ಬಂದರು, ಯಾರು ಹೋದರು, ಯಾರನ್ನು ತಡೆಯಲಾಯಿತು ಎಂಬುದನ್ನು ಅದು ತನ್ನ ವಹಿಯಲ್ಲಿ ಬರೆದಿಡುತ್ತದೆ. ಲಾಗ್ ಎಂದು ಕಂಪ್ಯೂಟರಿನವರು ಹೇಳುವುದು ಇದನ್ನೇ. ಪೆಟ್ಟಿಗೆಯ ಧೂಳು ಒರೆಸುವುದಕ್ಕಾದರೂ ಹೋಟೆಲಿನಲ್ಲಿ ಒಬ್ಬ ಹುಡುಗನಿದ್ದಾನೆ. ಅದರ ವಹಿಯನ್ನು ಓದುವುದಕ್ಕೆ ಮಾತ್ರ ಯಾರೂ ಇಲ್ಲ.

ಅದು ಧಣಿಗಳ ಉಸಾಬರಿ, ನಮಗೇಕೆ ಎನ್ನುವ ಬಂಧುಗಳಿದ್ದಾರೆ. ಕೆಟ್ಟದ್ದು ನಡೆದ ದಿನ ಧಣಿಗಳ ಬೆರಳು ಯಾರ ಕಡೆಗೆ ತಿರುಗುತ್ತದೆ ಎಂಬುದನ್ನು ಅವರು ಯೋಚಿಸಿದಂತಿಲ್ಲ.

ನಮ್ಮಲ್ಲಿಗೆ ಬಂದ ಒಂದು ತಕರಾರನ್ನೇ ನೋಡಿ. ಉಪನಗರದ ಒಂದು ಹೋಟೆಲಿನಲ್ಲಿ ಸೋಮವಾರ ಬೆಳಿಗ್ಗೆ ಬಿಲ್ಲಿನ ಕಂಪ್ಯೂಟರು ತೆರೆಯಲಿಲ್ಲ. ಇಷ್ಟು ಹಣ ಕೊಟ್ಟರೆ ನಿಮ್ಮ ಲೆಕ್ಕಪತ್ರದ ಬೀಗ ತೆಗೆಯುತ್ತೇವೆ ಎಂಬ ಇಂಗ್ಲಿಷ್ ಒಕ್ಕಣೆ ಪರದೆಯ ಮೇಲೆ ನಿಂತಿತ್ತು. ಗಲ್ಲೆಯಲ್ಲಿ ಕೂರುತ್ತಿದ್ದ ಕುಂದಾಪುರದ ಕಡೆಯ ಹುಡುಗ ಗಿರಾಕಿಗಳಿಗೆ ವೈಫೈ ಪಾಸ್‌ವರ್ಡು ಹೇಳಿಕೊಡುತ್ತಿದ್ದನೆಂಬ ಒಂದೇ ಕಾರಣಕ್ಕೆ ಅವನನ್ನು ಅಂದೇ ಹೊರಗೆ ಹಾಕಿದರು. ಬಾಕಿ ಸಂಬಳವನ್ನೂ ತಡೆದರು. ನಾವು ಹೋಗಿ, ರೌಟರಿನ ವಹಿ ತೋರಿಸಿರಿ ಎಂದೆವು. ಎಲ್ಲಿಯ ವಹಿ! ಗಾಬರಿಯಲ್ಲಿ ಸ್ವಿಚ್ಚು ಆರಿಸಿ ಮತ್ತೆ ಹಾಕಿದ್ದರು. ಇಂಥ ಎಷ್ಟೋ ಸಣ್ಣ ರೌಟರುಗಳಲ್ಲಿ ಕರೆಂಟು ಹೋದೊಡನೆ ವಹಿಯೂ ಅಳಿಸಿಹೋಗುತ್ತದೆ.

ಆದರೆ ನಿಯಮಗಳ ಪಟ್ಟಿ ಅಳಿಯುವುದಿಲ್ಲ. ಅದನ್ನು ಓದಬಲ್ಲ ಒಬ್ಬ ತರುಣನನ್ನು ಕರೆದೊಯ್ದೆವು. ಬಿಲ್ಲಿನ ಯಂತ್ರ ಮಾರಿದವನು, ರಿಪೇರಿಗೆಂದು ಪ್ರತಿ ಸಲ ಲೋಕಲ್ ಹಿಡಿದು ಬರುವ ಕಷ್ಟ ಬೇಡವೆಂದು, ತನ್ನ ಮನೆಯಿಂದಲೇ ಅದನ್ನು ನಡೆಸುವಂತೆ 3389 ನಂಬರಿನ ಬಾಗಿಲನ್ನು ಇಡೀ ಲೋಕಕ್ಕೆ ತೆರೆದಿಟ್ಟು ಹೋಗಿದ್ದ. ಅವನ ಕೆಲಸದ ಚೀಟಿಯ ತಾರೀಕು ನೋಡಿದರೆ, ಹುಡುಗ ಕೆಲಸಕ್ಕೆ ಸೇರುವುದಕ್ಕಿಂತ ಮೊದಲಿನದು. ಕಳ್ಳ ಆ ಬಾಗಿಲಿನಿಂದಲೇ ಬಂದನೆಂದು ಆಣೆಯಿಡುವಂತಿಲ್ಲ, ಏಕೆಂದರೆ ವಹಿ ಇಲ್ಲ. ವಹಿ ಇಲ್ಲದ ಮೇಲೆ ಹುಡುಗನ ಮೇಲಿನ ಆಪಾದನೆಗೆ ಆಧಾರವೆಲ್ಲಿ? ಅವನು ಕೆಲಸಕ್ಕೆ ಮರಳಿದ್ದಾನೆ. ಹನ್ನೊಂದು ದಿನದ ಸಂಬಳ ಇನ್ನೂ ಬರಬೇಕಾಗಿದೆ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಈ ಯಂತ್ರದ ರೀತಿಯನ್ನು ತಿಳಿಸುವುದು ಸುಲಭ. ಗೇಟಿನಲ್ಲಿ ಪಹರೆಯವನು ಪಾಸು ನೋಡಿ ಬಿಡುತ್ತಿದ್ದನಲ್ಲ, ಹಾಗೆಯೇ ಇದೂ ಬರುವ ಪ್ರತಿಯೊಂದು ಪೊಟ್ಟಣದ ಮೇಲಿನ ವಿಳಾಸವನ್ನು ನೋಡುತ್ತದೆ: ಎಲ್ಲಿಂದ ಬಂತು, ಯಾರಿಗೆ, ಯಾವ ನಂಬರಿನ ಬಾಗಿಲಿಗೆ. ಸಾಮಾನ್ಯವಾಗಿ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಮೊದಲು ಹೊಂದಿದ ನಿಯಮದಂತೆ ಬಿಡುತ್ತದೆ ಇಲ್ಲವೆ ತಡೆಯುತ್ತದೆ. ಆದುದರಿಂದ ‘ಎಲ್ಲರನ್ನೂ ಬಿಡು’ ಎಂಬ ಸಾಲು ಮೇಲೆ ಬಂದುಬಿಟ್ಟರೆ ಕೆಳಗೆ ಬರೆದ ನಿಷೇಧಗಳೆಲ್ಲ ವ್ಯರ್ಥ. ‘ಮಿಕ್ಕವರನ್ನೆಲ್ಲ ತಡೆ’ ಎಂಬುದು ಕಟ್ಟಕಡೆಯ ಸಾಲಾಗಿರಬೇಕು. ಇದಕ್ಕೆ ಕಾಲೇಜಿನ ಪದವಿ ಬೇಡ. ಏಳನೆಯ ಇಯತ್ತೆ ಓದಿದ ನನಗೆ ಒಂದು ಮಧ್ಯಾಹ್ನದಲ್ಲಿ ಅರ್ಥವಾಯಿತು. ಕಷ್ಟವಿರುವುದು ದಿನದಿನವೂ ಕುಳಿತು ನೋಡುವುದರಲ್ಲಿ. ಒಂದೇ ವಿಳಾಸದಿಂದ ರಾತ್ರಿಯೆಲ್ಲ ಬಾಗಿಲು ತಟ್ಟುತ್ತಿದ್ದರೆ ಅದು ವಹಿಯಲ್ಲಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ ಹೊರಗೆ ಹೋಗುವುದನ್ನು ನೋಡಬೇಕು. ಹೋಟೆಲು ಮುಚ್ಚಿದ ಮೇಲೆ ಬಿಲ್ಲಿನ ಕಂಪ್ಯೂಟರು ತಾನಾಗಿ ಯಾವುದೋ ಗುರುತಿಲ್ಲದ ವಿಳಾಸದೊಡನೆ ಮಾತಾಡುತ್ತಿದ್ದರೆ, ಕಳ್ಳ ಒಳಗೇ ಇದ್ದಾನೆಂಬ ಸಂಶಯ ಹುಟ್ಟಲೇಬೇಕು.

ಗಡಿಯಾರದ ಮಾತೂ ಉಂಟು. ಎಷ್ಟೋ ರೌಟರುಗಳು ನಮ್ಮ ದೇಶದ ವೇಳೆಯನ್ನು ಬಿಟ್ಟು ಗ್ರೀನಿಚ್ಚಿನ ವೇಳೆಯನ್ನು ತೋರಿಸುತ್ತವೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಎರಡು ಗಂಟೆಗೆ ನಡೆದ ಕಳ್ಳತನ ಅಂಥ ವಹಿಯಲ್ಲಿ ಹಿಂದಿನ ಸಾಯಂಕಾಲ ಎಂಟೂವರೆಯದೆಂದು ದಾಖಲಾಗುತ್ತದೆ. ಎಂಟೂವರೆಗೆ ಗಲ್ಲೆಯಲ್ಲಿ ಇದ್ದವರು ಯಾರು? ನಮ್ಮ ಹುಡುಗ! ಮಸ್ಟರಿನಲ್ಲಿ ಹಾಜರಿಯ ವೇಳೆ ತಪ್ಪಾಗಿ ಬಿದ್ದರೆ ಎಷ್ಟು ಜಗಳವಾಡುತ್ತಿದ್ದೆವು! ಇಲ್ಲಿಯೂ ಅಷ್ಟೇ ಜಗಳವಾಡಬೇಕು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ಆಜ್ಞೆಯಲ್ಲಿ, ಕಂಪೆನಿಗಳೂ ಸೇವೆ ಒದಗಿಸುವ ಸಂಸ್ಥೆಗಳೂ ಗಡಿಯಾರಗಳನ್ನು ಸರಿಹೊಂದಿಸಿಡಬೇಕು, ವಹಿಗಳನ್ನು 180 ದಿನ ಕಾದಿಡಬೇಕು, ಇಂಥ ಅಕ್ರಮ ತಿಳಿದ 6 ಗಂಟೆಯೊಳಗೆ ವರದಿ ಕೊಡಬೇಕು ಎಂದಿದೆ. ಹಾಗಾದರೆ ವಹಿಯನ್ನು ರೌಟರಿನ ಹೊಟ್ಟೆಯಲ್ಲಿಯೇ ಬಿಡದೆ ಬೇರೊಂದು ಯಂತ್ರಕ್ಕೆ ಕಳುಹಿಸುತ್ತಿರಬೇಕು.

2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ವಿದ್ಯುತ್ತು ಹೋಗಿ ಲೋಕಲ್ ಗಾಡಿಗಳು ನಿಂತುದನ್ನು ಯಾರೂ ಮರೆತಿರಲಾರರು. 2021ರ ಮಾರ್ಚಿನಲ್ಲಿ ರಾಜ್ಯದ ಅಂದಿನ ಗೃಹಮಂತ್ರಿ ಅನಿಲ್ ದೇಶಮುಖರು, ಸೈಬರ್ ವಿಭಾಗದ ಪ್ರಾಥಮಿಕ ವರದಿಯನ್ನು ಮುಂದಿಟ್ಟು, ಇದು ಕಂಪ್ಯೂಟರಿನ ಮೂಲಕ ನಡೆದ ವಿಧ್ವಂಸಕ ಕೃತ್ಯವಿರಬಹುದು ಎಂದರು. ಕೇಂದ್ರದ ಅಂದಿನ ವಿದ್ಯುತ್ ಮಂತ್ರಿ ಆರ್.ಕೆ. ಸಿಂಗರು, ಅಲ್ಲ, ಅದು ಮನುಷ್ಯನ ತಪ್ಪು ಎಂದರು. ಯಾರ ಮಾತು ಸರಿ ಎಂದು ನಾನು ವಾದಿಸಲು ಹೊರಟಿಲ್ಲ. ‘ಮನುಷ್ಯನ ತಪ್ಪು’ ಎಂಬ ಮಾತು ಕಿವಿಗೆ ಬಿದ್ದೊಡನೆ ಆ ಮನುಷ್ಯ ಎಷ್ಟು ಸಂಬಳದವನು ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಹೊರಗಿನ ಗೇಟೊಂದನ್ನೇ ಭದ್ರಪಡಿಸಿದರೆ ಸಾಕೆಂದೂ ತಿಳಿಯಬೇಡಿ. 2017ರ ಜೂನ್ 27ರಂದು ನ್ಹಾವಾ ಶೇವಾ ಬಂದರಿನಲ್ಲಿ ಮೇರ್ಸ್ಕ್ ಬಳಗದವರು ನಡೆಸುವ ಟರ್ಮಿನಲ್ಲಿನ ಕೆಲಸ ನಿಂತುಹೋಯಿತು. ರೋಗ ಹೊಕ್ಕದ್ದು ದೂರದ ಯುಕ್ರೇನಿನ ಲೆಕ್ಕಪತ್ರದ ಒಂದು ಪ್ರೋಗ್ರಾಮಿನಿಂದ. ಒಳಗೆ ಅಡ್ಡಗೋಡೆಗಳು ಸಾಲದೆ ಕಚೇರಿಯಿಂದ ಕಚೇರಿಗೆ ಓಡಿ ನಮ್ಮ ಕಡಲತೀರದವರೆಗೂ ಬಂತು. ಹೋಟೆಲಿನಲ್ಲಿ ಗಿರಾಕಿಯ ವೈಫೈಯನ್ನೂ ಬಿಲ್ಲಿನ ಕಂಪ್ಯೂಟರನ್ನೂ ಬೇರೆ ಬೇರೆ ಮಾಡಿಡಬೇಕೆನ್ನುವುದು ಇದಕ್ಕಾಗಿಯೇ. ಹಾಗೆ ಮಾಡಿದ್ದರೆ ಗಿರಾಕಿಗೆ ಪಾಸ್‌ವರ್ಡು ಹೇಳಿದ ಮಾಣಿಯನ್ನು ದೂರಲು ಎಡೆಯೇ ಇರುತ್ತಿರಲಿಲ್ಲ.

ವಹಿಯನ್ನು ಓದಲು ಹೊರಟರೆ ಧಣಿಗಳು ನಮ್ಮ ಮೊಬೈಲಿನ ಮೇಲೂ ಕಣ್ಣಿಡುವರು ಎಂದು ಕೆಲವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಗಿರಣಿಯ ಗೇಟಿನಲ್ಲಿ ಮೈತಡವಿ ಝಡತಿ ಮಾಡುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿದ್ದಾರೆ. ಮೊಬೈಲಿನಲ್ಲಿ ಆಡಿದ ಮಾತೆಲ್ಲ ಈ ವಹಿಯಲ್ಲಿ ಕಾಣದಿದ್ದರೂ, ಯಾವ ಮೊಬೈಲು ಎಷ್ಟು ಹೊತ್ತಿಗೆ ಯಾವ ವಿಳಾಸಕ್ಕೆ ಹೋಯಿತೆಂಬುದು ಕಾಣಬಹುದು. ಆದಕಾರಣ ಯಾವುದನ್ನು ನೋಡತಕ್ಕದ್ದು, ಯಾವುದನ್ನು ನೋಡತಕ್ಕದ್ದಲ್ಲ ಎಂಬುದು ಕರಾರಿನಲ್ಲಿ ಲಿಖಿತವಾಗಿ ಬರಬೇಕು. ತಕರಾರು ಎದ್ದಾಗ ವಹಿಯ ಪ್ರತಿಯನ್ನು ಪಡೆಯುವ ಹಕ್ಕು ಕಾಮಗಾರನಿಗೂ ಇರಬೇಕು.

ನೋಡುವ ಕೆಲಸ ಯಾರದು? ಮೆಟ್ರಿಕ್ ಪಾಸಾದ ಒಬ್ಬ ಹುಡುಗನ ಹೆಗಲಿಗೆ, ನಿನಗೆ ಕಂಪ್ಯೂಟರು ಬರುತ್ತದಲ್ಲ ಎಂದು ಹೇಳಿ ಪುಕ್ಕಟೆಯಾಗಿ ಹೊರಿಸುವುದನ್ನು ನಾನು ಒಪ್ಪಲಾರೆ. ದಿನಕ್ಕೆ ಅರ್ಧ ಗಂಟೆಯಾದರೂ ಅದು ಡ್ಯೂಟಿ. ಅದಕ್ಕೆ ಹೆಸರು, ವೇಳೆ, ಭತ್ತೆ ಮೂರೂ ಬೇಕು. ಮುಂದಿನ ಬೇಡಿಕೆಪಟ್ಟಿಯಲ್ಲಿ ಇದನ್ನು ಸೇರಿಸಲು ಸದಸ್ಯರು ಒತ್ತಾಯಿಸಬೇಕು.

ಅಲ್ಲಿಯವರೆಗೆ ಪೆಟ್ಟಿಗೆಯನ್ನು ಮಗುಚಿ ತಳದ ಚೀಟಿಯನ್ನಾದರೂ ನೋಡಿ. ಕಾರ್ಖಾನೆಯವರು ಹಾಕಿಕೊಟ್ಟ ಹೆಸರು, ಪಾಸ್‌ವರ್ಡುಗಳೇ ಇಂದಿಗೂ ನಡೆಯುತ್ತಿದ್ದರೆ ಅಂದೇ ಬದಲಾಯಿಸಲು ಮ್ಯಾನೇಜರಿಗೆ ಹೇಳಿರಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ಕೈವಶ ಮಾಡಿಕೊಂಡದ್ದು ಇಂಥ ಸುಮಾರು 60 ಜೋಡಿ ಹೆಸರು, ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿ, ಅಷ್ಟೇ.