ಮೀನಿಗೆ ಪೆಪ್ಟೈಡ್ ಬರಲಿ, ಆದರೆ ಐಸ್ ಮೊದಲು

ಬಂಗುಡೆ ತಿಂದು ಸ್ವಲ್ಪ ಹೊತ್ತಿಗೆ ಮುಖ ಕೆಂಪಾಯಿತು, ಮೈಯೆಲ್ಲ ದದ್ದು ಎದ್ದಿತು, ತಲೆ ಸಿಡಿಯುತ್ತಿದೆ ಎಂದು ನನ್ನ ಕ್ಲಿನಿಕ್‌ಗೆ ಬರುವವರಿದ್ದಾರೆ. “ಮೀನು ನನಗೆ ಆಗುವುದಿಲ್ಲ ಡಾಕ್ಟ್ರೇ” ಎನ್ನುತ್ತಾರೆ. ನಿಜವಾದ ಅಲರ್ಜಿಯೂ ಇರಬಹುದು; ಉಸಿರು ಕಟ್ಟಿದರಂತೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ಎಷ್ಟೋ ಸಲ ತಪ್ಪು ಮೀನಿನದಲ್ಲ, ಅದು ಐಸ್ ಇಲ್ಲದೆ ಬಿದ್ದಿದ್ದ ಹೊತ್ತಿನದು. ಬಂಗುಡೆ, ಬೂತಾಯಿಯ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ತಂಪು ತಪ್ಪಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಆಮೇಲೆ ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಸಿರ್ಕಾ, ಲಿಂಬೆ ಹಚ್ಚಿದರೆ ವಾಸನೆ ಅಡಗುತ್ತದೆ, ಅಷ್ಟೇ.

ಇದನ್ನು ಈಗ ನೆನಪಿಸಲು ಕಾರಣವಿದೆ. ಮೀನು, ಸಿಗಡಿ ಕೆಡದಂತೆ ಆಹಾರದಿಂದಲೇ ಪಡೆದ ಪೆಪ್ಟೈಡ್‌ಗಳನ್ನು ಬಳಸುವ ಸಂಶೋಧನೆಗಳು ನಡೆಯುತ್ತಿವೆ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಒಂದು ಚಿಕ್ಕ ಸರ. ಹಾಲನ್ನು ಹುಳಿ ಮಾಡುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ನಿಸಿನ್ ಇವುಗಳಲ್ಲಿ ಹಳಬ. 34 ಅಮೈನೋ ಆಮ್ಲಗಳದ್ದು, ಆಹಾರದ ಲೇಬಲ್‌ನಲ್ಲಿ 234 ಎಂಬ ಸಂಖ್ಯೆ ಇದರದ್ದೇ. ಇದು ಲಿಸ್ಟೀರಿಯಾದ ಪೊರೆಯಲ್ಲಿ ತೂತು ಕೊರೆದು ಅದನ್ನು ಕೊಲ್ಲುತ್ತದೆ. ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುವ, ಗರ್ಭಪಾತಕ್ಕೂ ಕಾರಣವಾಗಬಲ್ಲ ಸೂಕ್ಷ್ಮಾಣು. ಆ ಮಟ್ಟಿಗೆ ನಾನು ನಿಸಿನ್ ಅನ್ನು ಸ್ವಾಗತಿಸುತ್ತೇನೆ.

ಆದರೆ ಬೆಚ್ಚನೆಯ ಕಡಲ ನೀರಿನಿಂದ ಸಿಗಡಿ, ಮರುವಾಯಿಯ ಜೊತೆ ಬರುವ ವಿಬ್ರಿಯೋಗೆ ಹೊರಗೆ ಇನ್ನೊಂದು ಪೊರೆಯಿದೆ. ನಿಸಿನ್ ಒಂದೇ ಅದನ್ನು ದಾಟಲಾರದು. ಆ ಪೊರೆಯನ್ನು ಸಡಿಲಿಸಲು ಬೇರೆ ರಾಸಾಯನಿಕದ ನೆರವು ಬೇಕು. ಆಗಲೇ ಉಂಟಾದ ಹಿಸ್ಟಮಿನ್ ಅನ್ನಂತೂ ಯಾವ ಬ್ಯಾಕ್ಟೀರಿಯಾನಾಶಕವೂ ತೆಗೆಯದು. ನಾನು ಯುನಾನಿ ವೈದ್ಯ, ‘ನೈಸರ್ಗಿಕ’ ಎಂಬ ಮಾತು ಕೇಳಿದರೆ ನನಗೂ ಖುಷಿಯೇ. ಆದರೂ ಆ ಮಾತು ಹಳಸಿದ ಮೀನಿಗೆ ಮುಸುಕಾಗಬಾರದು.

ನಮ್ಮ ಮನೆಗಳಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಹಾಲಿನ ಲ್ಯಾಕ್ಟೋಫೆರಿನ್ ಎಂಬ ಪ್ರೊಟೀನನ್ನು ಪೆಪ್ಸಿನ್ ಕಿಣ್ವದಿಂದ ತುಂಡರಿಸಿದರೆ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಸಿಗುತ್ತದೆ. ಹಾಲು ಹಲಾಲ್, ಮೀನೂ ಹಲಾಲ್. ಆದರೆ ಮಾರುಕಟ್ಟೆಯ ಪೆಪ್ಸಿನ್ ಬಹುಮಟ್ಟಿಗೆ ಹಂದಿಯ ಜಠರದಿಂದ ಬರುತ್ತದೆ. ಪಪ್ಪಾಯಿಯ ಪಪೈನ್‌ನಂತಹ ಸಸ್ಯಮೂಲದ ಕಿಣ್ವಗಳೂ ಇವೆ. ಕಂಪೆನಿಗಳು ಪೆಪ್ಟೈಡ್ ಜೊತೆಗೆ ಕಿಣ್ವದ ಮೂಲವನ್ನೂ ಲೇಬಲ್‌ನಲ್ಲಿ ಬರೆಯಬೇಕು. ಇದನ್ನು ಉಲಮಾಗಳ ಮುಂದೆಯೂ ಇಡೋಣ; ಫತ್ವಾ ಕೊಡುವುದು ನನ್ನ ಕೆಲಸವಲ್ಲ.

ಸರಕಾರ ದುಡ್ಡು ಹಾಕುವುದಾದರೆ ಮೊದಲು ಬಂದರು, ಮೀನು ಮಾರುಕಟ್ಟೆಗಳಲ್ಲಿ ಶುದ್ಧ ನೀರಿನ ಐಸ್‌ಗೆ ಹಾಕಲಿ. ನೀವು ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ. ಬುಟ್ಟಿಯಲ್ಲಿ ಐಸ್ ಇಲ್ಲದಿದ್ದರೆ ಕಡಿಮೆ ಬೆಲೆಗೂ ಬೇಡ. ಎಲ್ಲಕ್ಕಿಂತ ಕೊನೆಗೆ ಮೀನು ಕೊಂಡು ನೇರ ಮನೆಗೆ ಬನ್ನಿ. ಮರುವಾಯಿ, ಸಿಗಡಿಯನ್ನು ಚೆನ್ನಾಗಿ ಬೇಯಿಸಿ. ಹಸಿ ಮೀನು ಕತ್ತರಿಸಿದ ಮಣೆಯನ್ನು ಸಾಬೂನು ಹಾಕಿ ತೊಳೆಯದೆ ಅದರ ಮೇಲೆ ಸೌತೆಕಾಯಿ ಹೆಚ್ಚಬೇಡಿ.