ಉಂಡ ಋಣ

ಬರ್ಲಿನ್ ನಗರದ ಲಿಷ್ಟೆನ್‌ಬರ್ಗ್ ಭಾಗದಲ್ಲಿ ವಿಯೆಟ್ನಾಮೀಯರ ಪೇಟೆಯೊಂದುಂಟು; ಹೆಸರು ‘ದೋಂಗ್ ಸುವಾನ್’. ಅಲ್ಲಿ ಒಂದು ಮಧ್ಯಾಹ್ನ ‘ಫೋ’ ಉಂಡೆನು: ಹಬೆಯಾಡುವ ಸಾರು, ಅಕ್ಕಿಯ ಶಾವಿಗೆ, ಹಸಿ ಸೊಪ್ಪು, ಹಿಂಡಿದ ನಿಂಬೆ. ಊಟ ರುಚಿಯಾಗಿತ್ತು; ಅದರ ಹಿಂದಿನ ಕಥೆ ಮಾತ್ರ ಕಹಿ.

1980ರ ಒಪ್ಪಂದದಂತೆ ಪೂರ್ವ ಜರ್ಮನಿಯು ಈ ಜನರನ್ನು ಕಾರ್ಖಾನೆಗಳ ದುಡಿಮೆಗೆ ಕರೆಸಿಕೊಂಡಿತು. ಬಸಿರಾದವಳು ಗರ್ಭವನ್ನು ತೆಗೆಸಬೇಕು, ಇಲ್ಲವೇ ತಾಯ್ನಾಡಿಗೆ ಮರಳಬೇಕು ಎಂಬುದು ಬಹುಕಾಲ ನಡೆದ ಕಟ್ಟಳೆ. 1990ರಲ್ಲಿ ಆ ರಾಜ್ಯವೇ ಅಳಿಯಿತು. ಕೆಲಸ ಕಳೆದುಕೊಂಡ ಅನೇಕರು ಬೀದಿಯ ವ್ಯಾಪಾರಕ್ಕಿಳಿದರು. ಈ ಪೇಟೆ ನಿಂತಿರುವುದೂ ಅಂದಿನ ಕಾರ್ಖಾನೆಯೊಂದರ ನೆಲದಲ್ಲಿಯೇ.

ಹೊರನಾಡಿನವರ ಅಡಿಗೆ ಬೇಕು, ಅಡಿಗೆ ಮಾಡಿದವರು ನಮ್ಮ ಬೀದಿಯಲ್ಲಿ ನೆಲಸುವುದು ಬೇಡ ಎನ್ನುವುದು ಕೃತಘ್ನತೆಯೇ ಸರಿ. ಉಂಡ ಋಣವು ಬಟ್ಟಲಿನ ಬೆಲೆ ತೆತ್ತೊಡನೆ ತೀರುವಂಥದಲ್ಲವೆಂದು ನನ್ನ ಎಣಿಕೆ.